ಇನ್ನೂರ ಹದಿನೇಳನೆಯ ಕಾರು

ಕಾರು ರಿಪೇರಿ ಮಾಡುವ ಜಾಗದಲ್ಲಿ ಇಪ್ಪತ್ತಾರು ವರ್ಷ ದುಡಿದೂ ಕೈಗೆ ಒಂದು ಚಿಟಿಕೆ ಗ್ರೀಸ್ ಮೆತ್ತಿಸಿಕೊಳ್ಳದವಳು ಯಾರಾದರೂ ಇದ್ದರೆ ಅದು ಜೇನಕ್ಕ. ಬಾನೆಟ್ ಎತ್ತಿ ಇದರಲ್ಲಿ ಇಂಜಿನ್ ಯಾವುದು, ಬ್ಯಾಟರಿ ಯಾವುದು ಎಂದು ಕೇಳಿದರೆ, ದೊಡ್ಡದು ಇಂಜಿನ್ನು, ಚಿಕ್ಕದು ಬ್ಯಾಟರಿ ಎಂದು ಹೇಳಿ ಮುಗಿಸುತ್ತಿದ್ದಳು. ಅವಳದೇನಿದ್ದರೂ ಫೋನಿನ ಕೆಲಸ. ಗಾಜಿನ ಗೋಡೆಯ ಪುಟ್ಟ ಕೋಣೆ, ಒಂದು ಮೇಜು, ಕಿವಿಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು, ಮುಂದೆ ಗಿರಾಕಿಗಳ ಪಟ್ಟಿ. ಅವಳ ದನಿ ಕೇಳಿದ ಮೇಲೆ ಪಟ್ಟನೆ ಫೋನ್ ಇಟ್ಟವರು ಕಡಿಮೆ. ಕಾರು ಮಾರಿ ಮೂರು ವರ್ಷವಾಗಿದ್ದರೂ ಅದನ್ನು ಬಾಯಿಬಿಡದೆ ಹತ್ತು ನಿಮಿಷ ಮಾತಾಡಿದವರಿದ್ದರು.

ಕೆಲಸ ಸಿಕ್ಕಿದ್ದೂ ದನಿಯಿಂದಲೇ. ಸ್ಟೋರಿನಲ್ಲಿ ಬೋಲ್ಟು ನಟ್ಟು ಬೇರ್ಪಡಿಸುವ ಕೆಲಸ ಕೇಳಿಕೊಂಡು ಬಂದು ಬೆಂಚಿನ ಮೇಲೆ ಕೂತಿದ್ದಳು. ಕೌಂಟರಿನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ತಡೆಯಲಾರದೆ ತಾನೇ ಎದ್ದು ಹೋಗಿ, "ಒಂದು ನಿಮಿಷ ಇರಿ ಸಾರ್, ಯಾರನ್ನಾದ್ರೂ ಕರೀತೀನಿ" ಎಂದಳು. ಆ ಕಡೆ ಇದ್ದವರು ಗ್ಯಾರೇಜಿನ ಮಾಲೀಕರು. ಯಾರನ್ನೂ ಕರೆಯಬೇಡ, ನೀನೇ ಇರು ಎಂದರು. ಅವತ್ತು ಕೂತವಳು ಎದ್ದಿಲ್ಲ.

ಇದು ಗ್ಯಾರೇಜಿನ ಜೇನಕ್ಕ. ಮನೆಯ ಜೇನಕ್ಕನ ದನಿ ಬೇರೆ. ದಿನದ ಜೇನೆಲ್ಲ ಹೆಡ್‌ಫೋನಿನಲ್ಲೇ ಖರ್ಚಾಗಿ, ಬಸ್ಸಿಳಿದು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಡಬ್ಬಿ ಖಾಲಿ. "ರೀ, ಒದ್ದೆ ಟವೆಲ್ನ ಹಾಸಿಗೆ ಮೇಲೆ ಮಲಗಿಸಿದ್ದೀರಲ್ಲ, ಅದಕ್ಕೇನು ಜ್ವರ ಬಂದಿದ್ಯಾ?" ಎನ್ನುವಲ್ಲಿಂದ ಸಂಜೆ ಶುರುವಾಗುತ್ತಿತ್ತು. ಅವಳ ಮನೆಯಲ್ಲಿ ಏನು ಒಡೆದಿದೆ, ಏನು ಕಳೆದಿದೆ, ಯಾವ ನಲ್ಲಿ ಸೋರುತ್ತಿದೆ ಎಂಬುದು ಎದುರು ಮನೆಯವರಿಗೂ ಬಾಯಿಪಾಠ.

ಇದನ್ನೆಲ್ಲ ಮೂವತ್ತೊಂದು ವರ್ಷದಿಂದ ಕೇಳಿಸಿಕೊಂಡು ಬಂದ ಗಂಡನಿಗೆ ಬೀದಿಯಲ್ಲಿ ತಕ್ಕಡಿ ಸಾಹೇಬರು ಎಂದು ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿ ಅಂಗಡಿ ತಿರುಗಿ ತೂಕದ ಕಲ್ಲನ್ನು ಎತ್ತಿ ಅದರ ತಳ ನೋಡುವುದೇ ಕಸುಬು. ಈ ಲೋಕದಲ್ಲಿ ಕೌಂಟರಿನ ಆಚೆ ನಿಂತವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಟೋಪಿ ಹಾಕುವವರೇ ಎಂದು ಅವರಿಗೆ ಆಗಲೇ ಖಾತ್ರಿಯಾಗಿತ್ತು. ನಿವೃತ್ತಿಯ ಮೇಲೂ ಈರುಳ್ಳಿ ತರಲು ಹೋಗುವಾಗ ಜೇಬಿನಲ್ಲಿ ಸ್ಪ್ರಿಂಗ್ ತಕ್ಕಡಿ ಇರುತ್ತಿತ್ತು. ಹೆಂಡತಿಯ ಬೈಗುಳ ಮಾತ್ರ ಅವರ ಯಾವ ತಕ್ಕಡಿಗೂ ಹತ್ತುತ್ತಿರಲಿಲ್ಲ. ಅದು ಫ್ಯಾನಿನ ಸದ್ದಿನ ಹಾಗೆ ಮನೆಯಲ್ಲಿ ಇರುವುದು, ಅಷ್ಟೆ.

ಸಂಜೆ ಟೀ ಕುಡಿಯುವಾಗ ಜೇನಕ್ಕ ಗ್ಯಾರೇಜಿನ ಕಥೆ ಹೇಳುತ್ತಿದ್ದಳು. ಬಿಟ್ಟಿ ತಪಾಸಣೆ ಎಂದು ಹನ್ನೊಂದು ಜನರನ್ನು ಕರೆದೆ, ಹನ್ನೊಂದೂ ಜನ ಬಂದರು, ಬಿಟ್ಟಿಗೆ ಬಂದವರು ಹೋಗುವಾಗ ಹೊಸ ವೈಪರು, ಸೀಟ್ ಕವರು, ಕಾರಿಗೆ ಸೆಂಟು ಹಾಕಿಸಿಕೊಂಡು ಹೋದರು ಎಂದು. ಸಾಹೇಬರು ಬಿದ್ದು ಬಿದ್ದು ನಗುತ್ತಿದ್ದರು. "ನಾನು ಸತ್ತರೂ ನನ್ನ ಕಾರ್ನ ನಿಮ್ಮವರ ಕೈಗೆ ಕೊಡಲ್ಲ ಕಣೇ" ಎನ್ನುತ್ತಿದ್ದರು. ಜೇನಕ್ಕನೂ ನಗುತ್ತಿದ್ದಳು. ಆಗ ನಕ್ಕದ್ದಕ್ಕೆ ಮುಂದೆ ಅನುಭವಿಸಿದಳು ಬಿಡಿ.

ಒಂದು ಸೋಮವಾರ ಮ್ಯಾನೇಜರ್ ಒಂದು ಹಾಳೆ ಹಿಡಿದುಕೊಂಡು ಅವಳ ಕೋಣೆಗೆ ಬಂದ. ಅವಳ ಮಗನ ವಯಸ್ಸಿನವನು, ಟೈ ಕಟ್ಟಿಕೊಂಡರೆ ಕತ್ತು ತಿರುಗಿಸಲು ಬಾರದವನು. ವಿಷಯ ಇಷ್ಟು: ಒಂದು ಮಾಡೆಲಿನ, ಒಂದು ವರ್ಷದ ಮೂರು ತಿಂಗಳಲ್ಲಿ ತಯಾರಾದ ಕಾರುಗಳಲ್ಲಿ ಪೆಟ್ರೋಲ್ ಪೈಪಿನ ಕ್ಲಿಪ್ಪು ಸಡಿಲವಾಗುತ್ತಿದೆ. ಪೆಟ್ರೋಲು ತೊಟ್ಟಿಕ್ಕಿ ಬಿಸಿ ಇಂಜಿನ್ನಿನ ಮೇಲೆ ಬಿದ್ದರೆ ಕಾರು ಹೊತ್ತಿಕೊಳ್ಳುತ್ತದೆ. ಎಲ್ಲ ಕಾರುಗಳನ್ನೂ ವಾಪಸ್ ಕರೆಸಿ ಪೈಪು, ಕ್ಲಿಪ್ಪು ಬದಲಾಯಿಸಬೇಕು. ನಲವತ್ತು ನಿಮಿಷದ ಕೆಲಸ, ನಿಜಕ್ಕೂ ಬಿಟ್ಟಿ. ಇವರ ಗ್ಯಾರೇಜಿನ ಪಾಲಿಗೆ ಇನ್ನೂರ ಹದಿನೇಳು ಕಾರು.

"ಆದರೆ ಅಕ್ಕ, ಫೋನಲ್ಲಿ ಬೆಂಕಿ ಅನ್ನಬಾರದು," ಎಂದ ಮ್ಯಾನೇಜರ್. "ಹೊಗೆ ಅನ್ನಬಾರದು, ಅಪಾಯ ಅನ್ನಬಾರದು. ಹೆಡ್ ಆಫೀಸಿಂದ ಏನು ಹೇಳಬೇಕು ಅಂತ ಬರೆದು ಕಳಿಸಿದ್ದಾರೆ, ಅದನ್ನೇ ಓದಿ."

ಜೇನಕ್ಕ ಓದಿದಳು. 'ಅಪರೂಪದ ಸಂದರ್ಭಗಳಲ್ಲಿ ನಿಮ್ಮ ವಾಹನದ ಮುಂಭಾಗದಲ್ಲಿ ಉಷ್ಣ ಸಂಬಂಧಿ ಅನುಭವ ಉಂಟಾಗುವ ಸಾಧ್ಯತೆ ಇರುವುದರಿಂದ' ಎಂದು ಶುರುವಾಗಿತ್ತು.

ಅವಳು ಮೊದಲು ಮಾಡಿದ ಕೆಲಸವೆಂದರೆ ಪಟ್ಟಿಯಲ್ಲಿ ಗಂಡನ ಹೆಸರು ಹುಡುಕಿದ್ದು. ಮನೆಯಲ್ಲಿದ್ದದ್ದೂ ಅದೇ ಮಾಡೆಲಿನ ಕಾರು. ಪಟ್ಟಿಯಲ್ಲಿದ್ದದ್ದು ಮಾಲೀಕರ ಹೆಸರು, ಫೋನ್ ನಂಬರು ಅಷ್ಟೆ. ಇನ್ನೂರ ಹದಿನೇಳು ಹೆಸರಿನ ಮೇಲೂ ಬೆರಳಿಟ್ಟು ನೋಡಿದಳು, ಗಂಡನ ಹೆಸರಿಲ್ಲ. ಸದ್ಯ, ಪಾರಾದೆವು ಎಂದುಕೊಂಡು ಹೆಡ್‌ಫೋನ್ ಸಿಕ್ಕಿಸಿಕೊಂಡಳು.

ಮೊದಲ ದಿನ ನಲವತ್ತು ಫೋನು ಮಾಡಿದಳು, ಒಂದು ಕಾರೂ ಬರಲಿಲ್ಲ. ಉಷ್ಣ ಸಂಬಂಧಿ ಅನುಭವ ಎಂದಾಗ ಒಬ್ಬ ಬಟ್ಟೆ ಅಂಗಡಿಯಾತ, "ಚಳಿಗಾಲ ಬರ್ತಿದೆಯಲ್ಲ ಮೇಡಂ, ಒಳ್ಳೇದೇ ಆಯ್ತು" ಎಂದ. ಒಬ್ಬ ವಕೀಲರು, "ಹೋದ ಸಲ ಹೀಗೇ ಬಿಟ್ಟಿ ಅಂತ ಕರೆದು ನಾಲ್ಕು ಟೈರು ಹಾಕಿ ಕಳಿಸಿದ್ರಿ. ನಿಮ್ಮ ದನಿ ನನಗೆ ಚೆನ್ನಾಗಿ ನೆನಪಿದೆ ತಾಯಿ" ಎಂದು ಕೈಮುಗಿದ ಹಾಗೆ ಹೇಳಿ ಇಟ್ಟರು. ಇಪ್ಪತ್ತಾರು ವರ್ಷ ಸುಳ್ಳುಪಳ್ಳು ಹೇಳಿ ಜನರನ್ನು ಕರೆಸಿದ ಸಿಹಿ ದನಿ ಈಗ ನಿಜ ಹೇಳಲು ಹೋದರೆ ಯಾರೂ ನಂಬುವುದಿಲ್ಲ. ಜೇನಕ್ಕನಿಗೆ ನಾಚಿಕೆಯಾಯಿತು.

ಮೂರನೆಯ ದಿನ ಹೇಗೋ ಒಂದು ಕಾರು ಬಂತು. ಅದರ ಪೈಪನ್ನು ಬಿಚ್ಚಿ ದೊಡ್ಡ ಮೇಸ್ತ್ರಿ ಅವಳ ಮೇಜಿನ ಮೇಲೆ ತಂದಿಟ್ಟ. ಮಾತು ಕಡಿಮೆ, ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಹೆಗಲ ಮೇಲಿಂದ ಇಳಿಸದ ಮನುಷ್ಯ. ಕೈಬೆರಳಿನಷ್ಟು ಉದ್ದದ ಪೈಪು, ಒಂದು ತುದಿ ಕಪ್ಪಗೆ ಸುಟ್ಟುಹೋಗಿತ್ತು.

"ನೋಡಿ ಅಕ್ಕ. ಇನ್ನು ಒಂದು ವಾರ ಓಡಿಸಿದ್ರೆ ಅವರು ನಮ್ಮ ಗ್ಯಾರೇಜಿಗೆ ಬರ್ತಿರಲಿಲ್ಲ, ಆಸ್ಪತ್ರೆಗೆ ಹೋಗ್ತಿದ್ರು," ಎಂದು ಹೇಳಿ ಹೊರಟುಹೋದ.

ಜೇನಕ್ಕ ಆ ಪೈಪನ್ನು ನೋಡುತ್ತಲೇ ಮುಂದಿನ ಫೋನ್ ಮಾಡಿದಳು. ಆ ಕಡೆ ಒಬ್ಬ ಕಟ್ಟಡದ ಕಂಟ್ರಾಕ್ಟರ್. ಹಾಳೆಯಲ್ಲಿದ್ದದ್ದನ್ನು ಪೂರ್ತಿ ಕೇಳಿಸಿಕೊಂಡು, "ನಿಮ್ಮ ದನಿ ಕೇಳ್ತಾನೇ ಇರೋಣ ಅನ್ಸುತ್ತೆ ಮೇಡಂ. ಇನ್ನೊಂದು ಸಲ ಓದಿ. ಕಾರು ಮಾತ್ರ ತರಲ್ಲ" ಎಂದ.

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು. ಗಾಜಿನ ಕೋಣೆಯೊಳಗಿಂದ ಮನೆಯ ದನಿ ಹೊರಬಿತ್ತು. "ಕೇಳಯ್ಯ ಇಲ್ಲಿ. ನಿನ್ನ ಕಾರಿಗೆ ಬೆಂಕಿ ಹತ್ತುತ್ತೆ. ನಿನ್ನ ಹೆಂಡತಿ ಮಕ್ಕಳು ಒಳಗೆ ಕೂತಿರುವಾಗ ಹತ್ತುತ್ತೆ. ನಾನಿಲ್ಲಿ ಗಂಟಲು ಹರ್ಕೊತಿದ್ದೀನಿ, ನಿನಗೆ ಸಂಗೀತ ಕೇಳಿದ ಹಾಗಾಗ್ತಿದ್ಯಾ? ಬುದ್ಧಿ ಏನು ಕಾಂಕ್ರೀಟಿಗೆ ಕಲಸಿ ಹಾಕಿದ್ಯಾ? ಎದ್ದು ಕಾರು ತಂದು ನಿಲ್ಲಿಸ್ತೀಯೋ, ಇಲ್ಲ ನಾನೇ ನಿಮ್ಮನೆಗೆ ಬರಲೋ?"

ಶೆಡ್ಡಿನಲ್ಲಿ ಸ್ಪ್ಯಾನರುಗಳ ಸದ್ದು ನಿಂತಿತು. ಆ ಕಡೆಯಿಂದ, "ಬಂದೆ ಅಮ್ಮ" ಎಂದು ಕೇಳಿಸಿತು. ಅರ್ಧ ಗಂಟೆಯೊಳಗೆ ಕಂಟ್ರಾಕ್ಟರ್ ಕಾರು ತಂದು ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ.

ಮ್ಯಾನೇಜರ್ ಓಡಿ ಬಂದ. "ಅಕ್ಕ, ಆ ಪದ ಹಾಳೆಯಲ್ಲಿ ಇಲ್ಲ."

"ಹಾಳೆಯಲ್ಲಿ ಇಲ್ಲ ಸಾರ್, ಕಾರಲ್ಲಿದೆ," ಎಂದಳು ಜೇನಕ್ಕ.

ಆಮೇಲಿನ ಮೂರು ವಾರ ಆ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಜೇನಕ್ಕ ಬೆಳಿಗ್ಗೆ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು ಕೂತರೆ ಮಧ್ಯಾಹ್ನದವರೆಗೆ ಬೈಗುಳ. ವಕೀಲರಿಗೆ ಒಂದು ಥರ, ಬಟ್ಟೆ ಅಂಗಡಿಯವನಿಗೆ ಇನ್ನೊಂದು ಥರ. ಒಬ್ಬ ಪ್ರೊಫೆಸರು ಬೈಸಿಕೊಂಡು, ತಮ್ಮ ತಾಯಿ ತೀರಿಕೊಂಡ ಮೇಲೆ ಹೀಗೆ ಯಾರೂ ತಮಗೆ ಹೇಳಿರಲಿಲ್ಲ ಎಂದು ಕಣ್ಣೊರೆಸಿಕೊಂಡೇ ಕಾರು ತಂದರು. ಬೈದರೆ ಜನ ನಂಬುತ್ತಾರೆ. ಮಾರಲು ಬಂದವಳು ಬೈಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಇನ್ನೂರ ಹದಿನಾರು ಕಾರಿನ ಮುಂದೆ ಟಿಕ್ ಬಿತ್ತು.

ಉಳಿದದ್ದು ಒಂದೇ. ಪಟ್ಟಿಯಲ್ಲಿದ್ದ ಮಾಲೀಕರು ಒಬ್ಬ ಹಲ್ಲಿನ ಡಾಕ್ಟರು, ಊರಲ್ಲಿರಲಿಲ್ಲ. ಬುಧವಾರ ಮಧ್ಯಾಹ್ನ ಸಿಕ್ಕರು. ಜೇನಕ್ಕ ಉಸಿರೆಳೆದುಕೊಂಡು ಶುರುಮಾಡುವಷ್ಟರಲ್ಲಿ ಅವರೇ ಹೇಳಿದರು.

"ಆ ಕಾರ್ನ ಮಾರಿ ಆರು ವರ್ಷ ಆಯ್ತಲ್ಲಮ್ಮ. ತೂಕ ಅಳತೆ ಇಲಾಖೆಯವರು ಒಬ್ರು ತಗೊಂಡ್ರು. ಆ ಪುಣ್ಯಾತ್ಮ ಸ್ಟೆಪ್ನಿ ಬಿಚ್ಚಿಸಿ, ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ನೋಡಿದ್ರು. ಹೆಂಡತಿ ಯಾವುದೋ ಗ್ಯಾರೇಜಲ್ಲಿ ಇದ್ದಾಳಂತೆ, ಅವರ ಕೈಗೆ ಮಾತ್ರ ಕೊಡಲ್ಲ ಅಂತಾನೂ ಹೇಳಿದ್ರು."

ಆ ಪುಣ್ಯಾತ್ಮ ಯಾರೆಂದು ಜೇನಕ್ಕ ಕೇಳಬೇಕಾಗಿರಲಿಲ್ಲ. ಗಂಡ ಆ ಕಾರನ್ನು ಒಂದು ದಿನವೂ ಇವರ ಗ್ಯಾರೇಜಿಗೆ ತಂದಿರಲಿಲ್ಲ; ಹಾಗಾಗಿ ಗ್ಯಾರೇಜಿನ ಪುಸ್ತಕದಲ್ಲಿ ಇನ್ನೂ ಹಲ್ಲಿನ ಡಾಕ್ಟರೇ ಮಾಲೀಕರು. ಹೋದ ಭಾನುವಾರ ಕಾರಿನಲ್ಲಿ ಕೂತಾಗ ಪೆಟ್ರೋಲ್ ವಾಸನೆ ಬಂದದ್ದು ಅವಳಿಗೆ ನೆನಪಾಯಿತು. ಎದುರಿಗಿದ್ದ ಸ್ಕೂಟರಿನದು ಎಂದಿದ್ದರು ಗಂಡ. ಆ ಕಾರಿನಲ್ಲೇ ವಾರಕ್ಕೆ ಎರಡು ಸಲ ತಮ್ಮ ಅಕ್ಕನನ್ನು ಮಂಡಿನೋವಿನ ಚಿಕಿತ್ಸೆಗೆ ಕರೆದುಕೊಂಡು ಹೋಗುತ್ತಿದ್ದರು. ಆ ಅಕ್ಕನಿಗೆ ಕಾರಿಂದ ಇಳಿಯಲು ಐದು ನಿಮಿಷ ಬೇಕು. ಮುಂದಿನ ಸರದಿ ನಾಳೆ, ಗುರುವಾರ ಹನ್ನೊಂದು ಗಂಟೆಗೆ.

ಅವಳು ಅಂದು ಮನೆಗೆ ಹೋದದ್ದು ಬಸ್ಸಿನಲ್ಲಲ್ಲ, ಗ್ಯಾರೇಜಿನ ಟೋಯಿಂಗ್ ಗಾಡಿಯಲ್ಲಿ, ದೊಡ್ಡ ಮೇಸ್ತ್ರಿಯ ಪಕ್ಕ ಕೂತು. ಬಾಗಿಲಲ್ಲೇ ಶುರುಮಾಡಿದಳು. "ರೀ, ಕಾರಿನ ಕೀ ಕೊಡಿ. ಅದು ಹೊತ್ತಿ ಉರಿಯೋ ಕಾರು. ನಿಮಗೆ ಜೀವ ಬೇಕೋ ಬೇಡ್ವೋ?"

ಸಾಹೇಬರು ಪೇಪರಿನಿಂದ ಕಣ್ಣೆತ್ತಲಿಲ್ಲ. "ಎಷ್ಟು ಜನರನ್ನ ಹೀಗೆ ಹೆದರಿಸಿದೆ ಇವತ್ತು?"

"ಇದು ಅದಲ್ಲ ರೀ. ಇದು ನಿಜ."

"ಬಿಟ್ಟಿನಾ?"

"ಹೂಂ, ಬಿಟ್ಟಿ."

"ಬಿಟ್ಟಿ ಅಂದ ಕೂಡಲೇ ನಾನು ತಳ ನೋಡ್ತೀನಿ ಅಂತ ಗೊತ್ತಲ್ಲ ನಿನಗೆ," ಎಂದು ಅವರು ಹೊರಗೆ ಬಂದು ಟೋಯಿಂಗ್ ಗಾಡಿಯನ್ನು ಒಂದು ಸುತ್ತು ಹಾಕಿದರು. ಗಾಡಿಯ ಹಗ್ಗ ಎಷ್ಟು ಭಾರ ತಡೆಯುತ್ತದೆ ಎಂಬ ಸರ್ಟಿಫಿಕೇಟು ಕೇಳಿದರು. ಅದಿರಲಿಲ್ಲ. ಕಾರು ಎಳೆದೊಯ್ಯಲು ಮಾಲೀಕನ ಲಿಖಿತ ಒಪ್ಪಿಗೆ ಕೇಳಿದರು. ಅದೂ ಇರಲಿಲ್ಲ. ಕಡೆಗೆ ದೊಡ್ಡ ಮೇಸ್ತ್ರಿಯ ಲೈಸೆನ್ಸನ್ನೇ ತೆಗೆಸಿ, ಅದರಲ್ಲಿರುವ ಫೋಟೋಗೂ ಅವನಿಗೂ ಹೋಲಿಕೆಯಿಲ್ಲ ಎಂದರು. ಮೇಸ್ತ್ರಿ ಗಾಡಿ ತಿರುಗಿಸಿಕೊಂಡು ಹೋದವನು, ಮಾರನೆಯ ದಿನ ಜೇನಕ್ಕನಿಗೆ, "ನಿಮ್ಮ ಬಗ್ಗೆ ಗೌರವ ಜಾಸ್ತಿ ಆಯ್ತು ಅಕ್ಕ" ಎಂದಷ್ಟೇ ಹೇಳಿದ.

ಕೀ ಬಚ್ಚಿಟ್ಟಳು. ಸಾಹೇಬರ ಹತ್ತಿರ ಎರಡನೆಯದಿತ್ತು, ಮೂರನೆಯದೂ ಇತ್ತು. ಗಂಡನ ಅಕ್ಕನಿಗೆ ಫೋನ್ ಮಾಡಿ, ನಾಳೆ ಕಾರು ಹತ್ತಬೇಡಿ ಎಂದಳು. ಆಕೆ, "ನನ್ನ ತಮ್ಮ ಏನಂತಾನೆ?" ಎಂದು ಕೇಳಿ, ತಮ್ಮ ಹೂಂ ಎಂದರೆ ತಾನೂ ಹೂಂ ಎಂದುಬಿಟ್ಟಳು. ಜೇನಕ್ಕ ಊಟ ಬಡಿಸುವಾಗ ಬೈದಳು, ತಟ್ಟೆ ಎತ್ತುವಾಗ ಬೈದಳು, ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗಲೂ ಬೈದಳು. ಇನ್ನೂರ ಹದಿನಾರು ಜನರನ್ನು ಎಬ್ಬಿಸಿ ಕೂರಿಸಿದ ಬೈಗುಳ ಈ ಒಬ್ಬರ ಮೇಲೆ ನಾಟಲಿಲ್ಲ. ಮೂವತ್ತೊಂದು ವರ್ಷದಲ್ಲಿ ಟವೆಲ್ಲಿಗೂ ಇಷ್ಟೇ ಬೈದಿದ್ದಳು, ಉಪ್ಪಿನ ಡಬ್ಬಿಯ ಮುಚ್ಚಳಕ್ಕೂ ಇಷ್ಟೇ ಬೈದಿದ್ದಳು. ಈಗ ಪ್ರಾಣ ಹೋಗುವ ವಿಷಯಕ್ಕೆ ಅದಕ್ಕಿಂತ ಜೋರಾದ್ದು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಅವಳು ಗಾಜಿನ ಕೋಣೆಯಲ್ಲಿ ಕೂತಿದ್ದಳು. ಎದುರಿಗೆ ಸುಟ್ಟ ಪೈಪು. ಇನ್ನರ್ಧ ಗಂಟೆಯಲ್ಲಿ ಅವರು ಹೊರಡುತ್ತಾರೆ. ಅವಳಿಗೆ ಭಯವಾಗಿತ್ತು, ಬರೀ ಭಯ. ಈ ಮನುಷ್ಯ ಇಲ್ಲದಿದ್ದರೆ ಸಂಜೆ ಹೋಗಿ ಯಾರಿಗೆ ಬೈಯಲಿ ಎಂಬ ಯೋಚನೆ ಬಂದು ಕಣ್ಣು ತುಂಬಿತು. ಫೋನು ಒತ್ತಿದಳು. ಹೆಡ್‌ಫೋನು ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತಾರು ವರ್ಷದ ರೂಢಿಗೆ ದನಿ ತಾನಾಗಿ ಮೆತ್ತಗಾಯಿತು.

"ನಮಸ್ಕಾರ. ಎರಡು ನಿಮಿಷ ಮಾತಾಡಬಹುದಾ?"

"ಯಾರು ಮಾತಾಡ್ತಿರೋದು?"

"ನಾನೇ ರೀ."

ಅವಳು ಹಾಗೇ ಮುಂದುವರಿಸಿದಳು.

"ತಿಂಡಿ ತಿಂದ್ರಾ? ನಾನು ಬೆಳಿಗ್ಗೆ ಏನೇನೋ ಅಂದುಬಿಟ್ಟೆ. ಮನಸಲ್ಲಿ ಇಟ್ಕೋಬೇಡಿ. ನೀವು ನನ್ನನ್ನ ಇಷ್ಟು ವರ್ಷ ಸಹಿಸ್ಕೊಂಡಿದ್ದೇ ದೊಡ್ಡದು. ನಿಮ್ಮನ್ನ ಬಿಟ್ರೆ ನನಗೆ ಯಾರಿದ್ದಾರೆ ಹೇಳಿ. ಒಂದೇ ಒಂದು ಕೇಳ್ಕೋತೀನಿ, ನಡೆಸಿಕೊಡಿ, ಇವತ್ತು ಆ ಕಾರು—"

"ಎಲ್ಲಿದ್ದೀಯ ನೀನು?" ಸಾಹೇಬರ ದನಿ ಒಡೆದ ಹಾಗಿತ್ತು.

"ಗ್ಯಾರೇಜಲ್ಲೇ ಇದ್ದೀನಿ."

"ಡಾಕ್ಟರ್ ಏನಂದ್ರು?"

"ಯಾವ ಡಾಕ್ಟರ್ ರೀ?"

ಫೋನು ಕಟ್ಟಾಯಿತು. ತಿರುಗಿ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ರಿಂಗಾಗುತ್ತಲೇ ಇತ್ತು.

ಸಾಹೇಬರ ಕಾರು ಮೂವತ್ತರ ಮೇಲೆ ಹೋದದ್ದನ್ನು ಕಂಡವರಿಲ್ಲ. ಮನೆಯಿಂದ ಗ್ಯಾರೇಜಿಗೆ ಅವರ ಲೆಕ್ಕದಲ್ಲಿ ಮುಕ್ಕಾಲು ಗಂಟೆಯ ದಾರಿ. ಅವತ್ತು ಹದಿಮೂರನೆಯ ನಿಮಿಷಕ್ಕೆ ಗೇಟಿನಲ್ಲಿ ಟೈರು ಕಿರುಚಿದ ಸದ್ದು ಕೇಳಿ ಜೇನಕ್ಕ ಎದ್ದು ನೋಡಿದರೆ, ಇನ್ನೂರ ಹದಿನೇಳನೆಯ ಕಾರು ಅಡ್ಡಡ್ಡ ನಿಂತಿತ್ತು. ಬಾನೆಟ್ಟಿನ ಸಂದಿನಿಂದ ಹೊಗೆ ಬರುತ್ತಿತ್ತು. ಬಾಗಿಲು ತೆರೆದು ಹಾಗೇ ಬಿಟ್ಟು ಗಂಡ ಗಾಜಿನ ಕೋಣೆಯ ಕಡೆಗೆ ಓಡಿ ಬರುತ್ತಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಅಪ್ಪಿಕೊಂಡು ದೊಡ್ಡ ಮೇಸ್ತ್ರಿ ಕಾರಿನ ಕಡೆಗೆ ಓಡುತ್ತಿದ್ದ. ಇಬ್ಬರೂ ಅಂಗಳದ ನಡುವೆ ಎದುರಾದರು. ಸಾಹೇಬರು ಅವನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದರು.

ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಬಂದವರೇ ಅವಳ ಎರಡೂ ಭುಜ ಹಿಡಿದುಕೊಂಡರು. "ಏನಾಯ್ತೇ ನಿನಗೆ? ನನ್ನ ಹತ್ರ ಮುಚ್ಚಿಡಬೇಡ. ಏನು ಕಾಯಿಲೆ?"

"ನನಗೇನಾಗಿದೆ?"

"ಮತ್ತೆ ಹಂಗ್ಯಾಕೆ ಮಾತಾಡಿದೆ?"

ಅವರ ಬೆನ್ನ ಹಿಂದೆ ಬಾನೆಟ್ಟಿನಿಂದ ಮೊಳದುದ್ದ ಬೆಂಕಿ ಎದ್ದಿತು. ಮೇಸ್ತ್ರಿ ಬಿಳಿ ಪುಡಿ ಸುರಿದ. ಬುಸ್ಸೆಂದು ಅಂಗಳವೆಲ್ಲ ಬಿಳಿಯಾಯಿತು. ಮ್ಯಾನೇಜರ್ ಒಂದು ಕೈಯಲ್ಲಿ ಟೈ ಹಿಡಿದುಕೊಂಡು, "ಬೆಂಕಿ, ಬೆಂಕಿ" ಎಂದು ಹಾಳೆಯಲ್ಲಿ ಇಲ್ಲದ್ದನ್ನೇ ಕೂಗುತ್ತಿದ್ದ. ಸಾಹೇಬರು ಆ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ, ಅವಳ ಉತ್ತರಕ್ಕೆ ಕಾಯುತ್ತ ನಿಂತಿದ್ದರು.

ಜೇನಕ್ಕ ಅವರ ಹೆಗಲ ಮೇಲಿಂದ ಆ ಬೆಂಕಿಯನ್ನು ನೋಡಿದಳು. ಅವರು ಕೂತಿದ್ದ ಸೀಟಿಗೂ ಅದಕ್ಕೂ ಎರಡು ಅಡಿ. ತನ್ನ ಸಿಹಿ ಮಾತು ಇನ್ನೇನು ಈ ಮನುಷ್ಯನನ್ನು ಕೊಂದೇಬಿಡುತ್ತಿತ್ತು ಎಂದು ಅವಳಿಗೆ ಹೊಳೆಯಿತು. ಅದರ ಹಿಂದೆಯೇ ಬೈಗುಳ ಬಂತು.

"ಕಾರು ಮುಟ್ಟಬೇಡಿ ಅಂತ ಹೇಳೋಕೆ ಫೋನ್ ಮಾಡಿದ್ರೆ ಅದನ್ನೇ ಓಡಿಸ್ಕೊಂಡು ಬಂದಿದ್ದೀರಲ್ಲ, ನಿಮ್ಮ ತಲೆಯೊಳಗೆ ಏನಿದೆ ರೀ? ಪೂರ್ತಿ ಕೇಳಿಸ್ಕೊಳ್ಳೋ ಅಭ್ಯಾಸ ಜನ್ಮದಲ್ಲಿ ಇಲ್ಲ. ಕೀ ಬಚ್ಚಿಟ್ರೆ ಇನ್ನೊಂದಂತೆ, ಮತ್ತೊಂದಂತೆ. ಮೇಸ್ತ್ರಿ ಲೈಸೆನ್ಸು ನೋಡ್ತಾರಂತೆ, ತಮ್ಮ ಮೂಗಿನ ಕೆಳಗೆ ಪೆಟ್ರೋಲ್ ಸುರೀತಿದ್ರೆ ಸ್ಕೂಟರಂತೆ. ಇನ್ನೊಂದು ಚಪ್ಪಲಿ ಎಲ್ಲಿ?"

ಸಾಹೇಬರ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಭುಜ ಹಿಡಿದಿದ್ದ ಕೈ ಸಡಿಲವಾಯಿತು. ಪಕ್ಕದಲ್ಲಿದ್ದ ಮ್ಯಾನೇಜರ್ ಕಡೆ ತಿರುಗಿ, "ಏನೂ ಆಗಿಲ್ಲ, ಚೆನ್ನಾಗೇ ಇದ್ದಾಳೆ" ಎಂದರು. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತರು.

ಕಾರಿನ ಮುಂಭಾಗ ಸುಟ್ಟಿತ್ತು, ಉಳಿದದ್ದು ಉಳಿದಿತ್ತು. ಅರ್ಧ ಗಂಟೆ ಬಿಟ್ಟು ಮೇಸ್ತ್ರಿ ಬೆರಳುದ್ದದ ಕರಿ ಪೈಪನ್ನು ತಂದು ಸಾಹೇಬರ ಅಂಗೈಯಲ್ಲಿಟ್ಟ. ಅವರು ಅದನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. ಅಭ್ಯಾಸ ಬಿಡಬೇಕಲ್ಲ, ಕೊನೆಗೆ ತಿರುಗಿಸಿ ಅದರ ತಳವನ್ನೂ ನೋಡಿದರು. ಎದ್ದು ಮೇಸ್ತ್ರಿಗೆ ಕೈಮುಗಿದು ಮತ್ತೆ ಕೂತರು. ಜೇನಕ್ಕ ಗಂಡನ ಅಕ್ಕನಿಗೆ ಟ್ಯಾಕ್ಸಿ ಕರೆಸಿ, ಪಟ್ಟಿ ತೆರೆದು ಕೊನೆಯ ಟಿಕ್ ಹಾಕಿದಳು.

ಸಂಜೆ ಇಬ್ಬರೂ ಬಸ್ಸಿನಲ್ಲಿ ಹೊರಟರು. ಸಾಹೇಬರ ಕಾಲಲ್ಲಿ ಮೇಸ್ತ್ರಿ ಕೊಟ್ಟ ಬೂಟು, ಎರಡು ಸೈಜು ದೊಡ್ಡದು. ಮೂರು ನಿಲ್ದಾಣ ದಾಟುವವರೆಗೆ ಕಿಟಕಿಯ ಆಚೆ ನೋಡುತ್ತ ಕೂತಿದ್ದವರು ಮೆಲ್ಲಗೆ ಹೇಳಿದರು.

"ಇನ್ಮೇಲೆ ಏನೇ ಇದ್ರೂ ಬೈದೇ ಹೇಳು ಕಣೇ. ಕೇಳ್ತೀನಿ. ಇವತ್ತಿನ ಹಾಗೆ ಮಾತ್ರ ಮಾತಾಡಬೇಡ. ದಾರಿಯುದ್ದಕ್ಕೂ ನೀನು ಇಲ್ಲದ ಮನೆಯೇ ಕಣ್ಮುಂದೆ ಬರ್ತಿತ್ತು."

ಜೇನಕ್ಕನಿಗೆ ಏನೋ ಹೇಳಬೇಕೆನಿಸಿತು. ಹೇಳಲು ಹೋದರೆ ದನಿ ಮೆತ್ತಗಾಗುತ್ತದೆ ಎಂದು ಗೊತ್ತಾಗಿ, ಗಂಟಲು ಸರಿಮಾಡಿಕೊಂಡಳು.

"ಬೆಳಿಗ್ಗೆ ಟವೆಲ್ ಎಲ್ಲಿ ಹಾಕಿ ಬಂದ್ರಿ?" ಎಂದು ಕೇಳಿದಳು.

"ಹಾಸಿಗೆ ಮೇಲೆ," ಎಂದರು ಸಾಹೇಬರು, ಮತ್ತು ಮನೆ ಬರುವವರೆಗೂ ನೆಮ್ಮದಿಯಾಗಿ ಬೈಸಿಕೊಂಡರು.